ಹೊಸ್ತಿಲ ಕೆಳಗಿನ ಮಣ್ಣು

“ಮನಿ ಮಾರಿಸು, ಬ್ಯಾಡ ಅನ್ನಂಗಿಲ್ಲ. ಹೊಸ್ತಿಲ ಮಣ್ಣು ಮಾತ್ರ ನಿನ್ನ ಕೈಯಾಗ ಇಸಗೊಬ್ಯಾಡ,” ಎಂದು ಹಳೆಯ ದಲ್ಲಾಳಿ ಹುಲುಗಣ್ಣ ಹೇಳಿದಾಗ ನಾಗೇಂದ್ರಪ್ಪ ಚಹಾದ ಲೋಟ ಕೆಳಗಿಟ್ಟು ನಕ್ಕ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಆ ತಗಡಿನ ಅಂಗಡಿಯಲ್ಲಿ ಕೂತಿದ್ದ ನಾಲ್ಕೈದು ಮಂದಿಗೂ ಆ ನಗು ಕೇಳಿಸಿತು. ಜೊತೆಗೆ ಯಾರೂ ನಗಲಿಲ್ಲ.

“ಯಾಕಣ್ಣಾ, ಮಣ್ಣು ಕಚ್ತತಾ?”

“ನೋಟೀಸು ಹಚ್ಚಿದ ಮನಿಯಾಗ ಹೆಣ್ಮಕ್ಕಳು ಹೊಸ್ತಿಲ ಕೆಳಗ ಮಣ್ಣು ಗಂಟು ಕಟ್ಟಿ ಇಟ್ಟಿರ್ತಾರ. ಮನಿ ಕಸಗೊಳ್ಳೋಕೆ ಬಂದವ್ರ ಮ್ಯಾಲೆ. ಮನಿಯಾಕಿ ಮನಸಾರೆ ಕೊಟ್ಟೀನಿ ಅಂತ ಮೂರು ಸಲ ಅಂದ ಮ್ಯಾಲೆ ಕೊಂಡವನು ಅದನ್ನ ಉಡಿಯಾಗ ಹಾಕ್ಕೋಬೇಕು. ದಲ್ಲಾಳಿ ಮುಟ್ಟಂಗಿಲ್ಲ. ಮೂವತ್ತು ವರ್ಷ ಮನಿ ದಲ್ಲಾಳಿ ಕೆಲಸ ಮಾಡೀನಿ, ಒಂದಿನ ಮುಟ್ಟಿಲ್ಲ.”

“ಕಸಗೊಳ್ಳೋನು ಅಲ್ಲಣ್ಣ ನಾನು. ಉಳಿಸೋನು.”

“ಮಣ್ಣಿಗೇನು ಗೊತ್ತೋ ತಮ್ಮಾ, ಯಾರು ಉಳಿಸೋನು, ಯಾರು ಕಸಗೊಳ್ಳೋನು ಅಂತ?”

1984ರ ಮೇ ತಿಂಗಳು. ಬೆಳಗಿನ ಹತ್ತಕ್ಕೇ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ನಾಗೇಂದ್ರಪ್ಪ ಪುಡಿಕಾಸನ್ನು ಹಲಗೆಯ ಮೇಲಿಟ್ಟು ಎದ್ದ. ಅವನು ದಾವಣಗೆರೆಯಿಂದ ಈ ಕಡೆಗೆ ಬಂದು ಎಂಟು ತಿಂಗಳಾಗಿತ್ತು. ಅವನು ಕಂಡುಕೊಂಡ ಕಸುಬು ಇಲ್ಲಿಯವರಿಗೆ ಹೊಸದು. ಸಾಲಕ್ಕೆ ಒತ್ತೆ ಬಿದ್ದ ಮನೆ ಹರಾಜಿಗೆ ಬಂದರೆ ಕೂಗುವವರು ಮೊದಲೇ ಮಾತಾಡಿಕೊಂಡು ಅರ್ಧ ಬೆಲೆಗೆ ಹೊಡೆಯುತ್ತಿದ್ದರು. ಮನೆಯವರಿಗೆ ಉಳಿಯುವುದು ಬೀದಿ. ನಾಗೇಂದ್ರಪ್ಪ ಹರಾಜಿಗೆ ಮೊದಲೇ ಆ ಮನೆಗೆ ಹೋಗುತ್ತಿದ್ದ. ನಿಜವಾದ ಗಿರಾಕಿಯನ್ನು ತಂದು, ಸರಿಯಾದ ಬೆಲೆಗೆ ಮಾರಿಸಿ, ಸಾಲ ತೀರಿಸಿ, ಮಿಕ್ಕ ಹಣವನ್ನು ಮನೆಯವರ ಕೈಗೆ ಕೊಡುತ್ತಿದ್ದ. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮನೆ, ಹರಪನಹಳ್ಳಿಯಲ್ಲಿ ಎರಡು. ಆ ಮೂರೂ ಮನೆಯವರು ಈಗ ಬಾಡಿಗೆ ಮನೆಯಲ್ಲಾದರೂ ಹೊಟ್ಟೆ ತುಂಬ ಉಂಡು ಮಲಗುತ್ತಾರೆ ಎಂಬುದು ಅವನಿಗೆ ಹೆಮ್ಮೆ. ಅವರಲ್ಲಿ ಒಬ್ಬರೂ ಆಮೇಲೆ ಅವನನ್ನು ಮನೆಗೆ ಕರೆದಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಯಾಕೆಂದು ಅವನು ಯೋಚಿಸಿರಲಿಲ್ಲ.

ಹತ್ತಿ ಗಿರಣಿಯ ಹಿಂದಿನ ಓಣಿಯ ಕೊನೆಯಲ್ಲಿ ತಿಪ್ಪೇರುದ್ರಮ್ಮನ ಮನೆ. ಬಾಗಿಲಿನ ಮೇಲೆ ಸಾಲ ಕೊಟ್ಟ ಸೊಸೈಟಿಯ ನೋಟೀಸು, ಮೈದಾ ಅಂಟಿನ ಹುಳಿ ವಾಸನೆ ಇನ್ನೂ ಆರಿರಲಿಲ್ಲ. ಬರುವ ಸೋಮವಾರ ಹನ್ನೊಂದು ಗಂಟೆಗೆ ಹರಾಜು. ಆಕೆಯ ಗಂಡ ಯರ್ರೆಪ್ಪ ಖಾಸಗಿ ಬಸ್ಸಿನ ಡ್ರೈವರಾಗಿದ್ದ. ಸಂಬಳದ ಚೀಟಿ ತೋರಿಸಿ ಮನೆಸಾಲ ಪಡೆದಿದ್ದ. ಬಸ್ಸು ಮಗುಚಿ ಸತ್ತ. ತಿಪ್ಪೇರುದ್ರಮ್ಮ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವಳಾದಳು. ಆ ಸಂಬಳ ಸಾಲದ ಬಡ್ಡಿಗೂ ಮುಟ್ಟಲಿಲ್ಲ.

ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ನಾಗೇಂದ್ರಪ್ಪನಿಗೆ ಏನೂ ಕಾಣಲಿಲ್ಲ. ಕಿಟಕಿಗಳನ್ನು ಹಾಕಿದ್ದರು. ಕರೆಂಟು ಕಿತ್ತುಹಾಕಿ ತಿಂಗಳಾಗಿತ್ತು. ಮೂಗಿಗೆ ಬಡಿದದ್ದು ಹಸಿಮಣ್ಣಿನ ವಾಸನೆ. ಮಳೆಯಿಲ್ಲ, ನೀರು ಚಿಮುಕಿಸಿದ ಗುರುತಿಲ್ಲ, ನೆಲ ಒಣಗಿ ಬಿರಿದಿತ್ತು. ಆದರೂ ಈಗಷ್ಟೇ ತುಳಿದು ಕಲಸಿದ ಕೆಸರಿನ ವಾಸನೆ. ಎಲ್ಲೋ ಒಳಗೆ ಬೀಸುವ ಕಲ್ಲು ತಿರುಗುತ್ತಿದ್ದಂತೆ ಗರಗರ ಸದ್ದು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಕಲ್ಲು ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಅದರ ಪಕ್ಕದಲ್ಲಿ ಗೋಡೆಗೆ ಮುಖಮಾಡಿ ಒಬ್ಬ ಮುದುಕಿ ಕೂತಿದ್ದಳು. ಅತ್ತೆ ಭರಮಮ್ಮ. ಗುಡೇಕೋಟೆ ಕಡೆಯಿಂದ ಕುರಿ ಕಾಯುತ್ತ ಬಂದ ಮನೆತನದವಳು. ಅವನು ಬಂದದ್ದಕ್ಕೆ ಅವಳು ತಿರುಗಲಿಲ್ಲ.

“ನೀವು ಯಾರ ಕಡಿಯೋರ್ರಿ?” ಎಂದಳು ತಿಪ್ಪೇರುದ್ರಮ್ಮ.

“ನಿಮ್ಮ ಕಡೆಯೋನೇ ಕಣಮ್ಮ.”

“ಸಾಲ ಕೊಡೋವಾಗ ಸೊಸೈಟಿ ಸೆಕ್ರೆಟ್ರಿನೂ ಹಂಗ ಅಂದಿದ್ದ.”

ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ಅರಸೀಕೆರೆಯ ಹೆಡ್‌ಮಾಸ್ತರು ಬಂಗಾರಪ್ಪನವರಿಗೆ ಕೊಟ್ಟೂರಿಗೆ ವರ್ಗವಾಗಿದೆ, ಮನೆ ಬೇಕಾಗಿದೆ, ಒಳ್ಳೆಯ ಬೆಲೆ ಕೊಡುತ್ತಾರೆ. ಸಾಲ ತೀರುತ್ತದೆ. ಕೈಯಲ್ಲಿ ಎಂಟು ಸಾವಿರ ಮಿಕ್ಕುತ್ತದೆ. ಸೋಮವಾರದವರೆಗೆ ಸುಮ್ಮನಿದ್ದರೆ ಎಂಟು ರೂಪಾಯಿಯೂ ಮಿಕ್ಕುವುದಿಲ್ಲ. ಅವನ ಮಾತು ಯಾವಾಗಲೂ ಹಾಗೆ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಆಕೆ ಕೇಳುತ್ತ ಗೋಡೆಯ ಮೇಲೆ ಅಂಗೈ ಆಡಿಸುತ್ತಿದ್ದಳು.

“ಈ ಗ್ವಾಡಿಗೆ ಕೆರಿ ಮಣ್ಣು ನಾನ ಹೊತ್ತೀನ್ರಿ. ಹೊಟ್ಟಿಯಾಗ ಕೂಸಿತ್ತು. ಹೊರಬ್ಯಾಡ ಅಂದ್ರೂ ಹೊತ್ತೆ. ಕೂಸು ಉಳೀಲಿಲ್ಲ. ಗ್ವಾಡಿ ಉಳೀತು.”

ನಾಗೇಂದ್ರಪ್ಪ ಗೋಡೆಯತ್ತ ನೋಡಿದ. “ಸೋಮವಾರ ಅದೂ ಹೋಗ್ತತಮ್ಮ,” ಎಂದ. ಅದು ಸತ್ಯವೇ ಆಗಿತ್ತು.

ಆಕೆ ಒಪ್ಪಿದಳು. ಬೇರೆ ಏನು ಮಾಡುವುದಿತ್ತು?

ಬುಧವಾರ ಕರಾರು. ಬಂಗಾರಪ್ಪ ಬೆಳಗ್ಗೆಯೇ ಸಹಿ ಹಾಕಿ ಹಣ ಹೊಂದಿಸಲು ಅರಸೀಕೆರೆಗೆ ಹೋಗಿದ್ದ. ತಿಪ್ಪೇರುದ್ರಮ್ಮನ ಸಹಿ ಮಾಡಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಕೂಡ್ಲಿಗಿಗೆ ಹೋಗಿ ಸೊಸೈಟಿ ಕಚೇರಿಯಲ್ಲಿ ಕರಾರು ಕೊಟ್ಟರೆ ಹರಾಜು ನಿಲ್ಲುತ್ತದೆ. ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ. ಅವನು ಕಾಗದ ಮಡಚುವಷ್ಟರಲ್ಲಿ ಮುದುಕಿ ಎದ್ದಳು. ಕುಡುಗೋಲಿನ ತುದಿಯಿಂದ ಹೊಸ್ತಿಲ ಕೆಳಗೆ ಕೆದಕಿದಳು. ಕೆಂಪು ಬಟ್ಟೆಯ ಗಂಟೊಂದು ಹೊರಬಂತು. ಕಪ್ಪು ಉಣ್ಣೆಯ ದಾರ ಸುತ್ತಿದ್ದರು. ದಾರದ ನಡುವೆ ಹೆಂಗಸಿನ ಉದ್ದನೆಯ ಕೂದಲು. ಬೇವಿನ ಕಹಿ, ಸುಟ್ಟ ಮೆಣಸಿನಕಾಯಿಯ ಘಾಟು, ಅದರ ಕೆಳಗೆ ಅದೇ ಕೆಸರಿನ ವಾಸನೆ.

“ನೋಟೀಸು ಹಚ್ಚಿದ ದಿನ ಕಟ್ಟೀನಿ,” ಎಂದಳು ಭರಮಮ್ಮ. “ಕೊಂಡಾವ ಎಲ್ಲಿ?”

“ಊರಿಗೆ ಹೋಗ್ಯಾರೆ. ಇಲ್ಲಿ ಕೊಡಿ, ನಾನೇ ಮುಟ್ಟಿಸ್ತೀನಿ.”

“ಮೊದ್ಲ ಅಕಿ ಮಾತು ಆಗ್ಲಿ. ಮೂರು ಸಲ.”

ಇಬ್ಬರೂ ತಿಪ್ಪೇರುದ್ರಮ್ಮನನ್ನು ನೋಡಿದರು. ಆಕೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ತುಟಿ ಅಲುಗಿತು. ದನಿ ಬರಲಿಲ್ಲ. ಇನ್ನೊಮ್ಮೆ ಅಲುಗಿತು. ಓಣಿಯ ಕೊನೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು.

“ಬಿಡ್ರಮ್ಮ, ಬಾಯಲ್ಲಿ ಹೇಳೋದು ಯಾಕೆ? ಪತ್ರದಾಗೆ ಬರೆದೀನಿ. ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಅಂತ. ಸರ್ಕಾರಕ್ಕೆ ಅಷ್ಟು ಸಾಕು. ಮಣ್ಣಿಗೆ ಸಾಲಲ್ವಾ?” ಎಂದು ನಕ್ಕು, ಎರಡೂ ಅಂಗೈ ಚಾಚಿ ಗಂಟನ್ನು ಕಿತ್ತುಕೊಂಡ.

ಅದು ಬೆಚ್ಚಗಿತ್ತು. ಆಗತಾನೇ ಕೊಯ್ದ ಕೋಳಿಯಂತೆ.

ಕೂಡ್ಲಿಗಿಯಲ್ಲಿ ಕೆಲಸ ಸಲೀಸಾಗಿ ಮುಗಿಯಿತು. ಹರಾಜು ಮುಂದಕ್ಕೆ ಹೋಯಿತು. ಹಸಿದು ಖಾನಾವಳಿಗೆ ಹೋಗಿ ರೊಟ್ಟಿ ಮುರಿದು ಬಾಯಿಗಿಟ್ಟ. ಹಲ್ಲಿನ ನಡುವೆ ಕರಕ್ ಎಂದಿತು. ಉಗುಳಿದ. ಎರಡನೆಯ ತುತ್ತು. ಕರಕ್.

“ಜ್ವಾಳ ಹಸನು ಮಾಡಂಗಿಲ್ಲೇನಮ್ಮ ನೀವು? ಬರೀ ಮಣ್ಣು!”

ಖಾನಾವಳಿಯ ಅನ್ನದಾನಮ್ಮ ಸಟ್ಟುಗ ಹಿಡಿದು ಹೊರಗೆ ಬಂದಳು. “ಮಣ್ಣ? ಈ ಹನ್ನೊಂದು ಮಂದಿ ಉಣ್ಣಾಕತ್ಯಾರ, ಅವ್ರಿಗೆಲ್ಲ ಇಲ್ಲದ ಮಣ್ಣು ನಿನಗೊಬ್ಬನಿಗೇ ಎಲ್ಲಿಂದ ಬಂತೋ ಸಾಹುಕಾರ? ದುಡ್ಡು ಕೊಡೋಕೆ ಮನಸಿಲ್ಲಂದ್ರ ಹಂಗ ಹೇಳು.”

ಹನ್ನೊಂದು ಮಂದಿಯೂ ನಕ್ಕರು. ಅವನು ದುಡ್ಡು ಎಸೆದು ಹೊರಬಂದ. ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ನೀರು ಕುಡಿದ. ನೀರು ಕೆರೆಯ ತಳದ ರುಚಿಯಲ್ಲಿತ್ತು.

ಗುರುವಾರ ಬೆಳಗ್ಗೆ ಬಾಯಿ ತೊಳೆಯುವಾಗ ನೆಲಕ್ಕೆ ಬಿದ್ದದ್ದು ಕೆಂಪು ಕೆಸರು. ಅದರೊಳಗೆ ಸಣ್ಣ ಸಣ್ಣ ಹುಲ್ಲಿನ ಚೂರು. ಅವನು ಬಗ್ಗಿ ನೋಡಿದ. ಗೋಡೆ ಕಟ್ಟುವಾಗ ಮಣ್ಣಿಗೆ ತುಳಿದು ಸೇರಿಸುವ ಹುಲ್ಲು. ಆಸ್ಪತ್ರೆಗೆ ಹೋದರೆ ಡಾಕ್ಟರು ಟಾರ್ಚು ಬಿಟ್ಟು ಬಾಯಿಯನ್ನೆಲ್ಲ ನೋಡಿ, ಏನೂ ಇಲ್ಲ, ಪಿತ್ತ ಎಂದರು. ಆ ಹೊತ್ತಿನಲ್ಲೇ ಅವನ ನಾಲಿಗೆಯ ಕೆಳಗೆ ಏನೋ ಮೆಲ್ಲಗೆ ಜರುಗಿತು. ಗಂಟನ್ನು ಒಯ್ದು ಊರಾಚೆಯ ಕಲ್ಲಿನ ಕಣಿವೆಗೆ ಎಸೆದು ಬಂದ. ತನ್ನ ಬಾಡಿಗೆ ಕೋಣೆಗೆ ಮರಳಿ ಬೀಗ ತೆಗೆದಾಗ ಕೆಸರಿನ ವಾಸನೆ ಎದುರುಗೊಂಡಿತು. ಗಂಟು ದಿಂಬಿನ ಮೇಲಿತ್ತು. ಮೊದಲಿಗಿಂತ ದಪ್ಪಗಾಗಿತ್ತು.

ಶುಕ್ರವಾರ ಕೂಡ್ಲಿಗಿಯಲ್ಲಿ ನೋಂದಣಿ. ನಾಗೇಂದ್ರಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಸಾಕ್ಷಿಯ ಜಾಗದಲ್ಲಿ ನಿಂತಿದ್ದ. ಗುಮಾಸ್ತ ಒಂದೇ ಉಸಿರಿಗೆ ಪತ್ರ ಓದಿದ. “...ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ... ಒಪ್ಪಿಗೆ ಐತೇನಮ್ಮ?” ತಿಪ್ಪೇರುದ್ರಮ್ಮ ತಲೆಯಾಡಿಸಿ ಸಹಿ ಹಾಕಿದಳು. ಅದೇ ಗಳಿಗೆಗೆ ನಾಗೇಂದ್ರಪ್ಪನ ಗಂಟಲನ್ನು ಒಳಗಿನಿಂದ ಯಾರೋ ಹಿಸುಕಿದಂತಾಯಿತು. ಮಣ್ಣು ಕಿರುನಾಲಿಗೆಯವರೆಗೆ ಏರಿತು. ಅವನು ಹೊರಗೆ ಓಡಿ ಹುಣಸೆಮರದ ಬುಡದಲ್ಲಿ ಕಾರಿದ. ಹಿಂದಿನಿಂದ ಬಂದ ಬಂಗಾರಪ್ಪ ಬೆನ್ನು ತಟ್ಟಿದ. ಸೊಸೈಟಿಯ ಸಾಲ ತೀರಿದ ರಸೀದಿ ತೋರಿಸಿದ. ಮಿಕ್ಕ ಎಂಟು ಸಾವಿರವನ್ನು ರೂಢಿಯಂತೆ ದಲ್ಲಾಳಿಯ ಕೈಗೆ ಒಪ್ಪಿಸಿದ. ಭಾನುವಾರ ಮಧ್ಯಾಹ್ನ ಮನೆ ಖಾಲಿಯಾಗಿ ಬೀಗದಕೈ ಸಿಕ್ಕ ಮೇಲೆ ಅದು ಆಕೆಗೆ ಸೇರಬೇಕು.

ಎಲ್ಲವೂ ಅವನು ಹೇಳಿದಂತೆಯೇ ನಡೆದಿತ್ತು. ಮನೆ ಹರಾಜಿನಿಂದ ಉಳಿದಿತ್ತು. ಅವನು ಯಾವ ಮೋಸವನ್ನೂ ಮಾಡಿರಲಿಲ್ಲ.

ಶನಿವಾರ ಅವನಿಗೆ ಮಾತು ನಿಂತಿತು. ಚಹಾದಂಗಡಿಗೆ ಹೋಗಿ ಹುಲುಗಣ್ಣನ ಎದುರು ಬಾಯಿ ತೆರೆದ. ಹುಲುಗಣ್ಣ ನೋಡಿದ. ಕೂತಿದ್ದ ಸ್ಟೂಲನ್ನು ಎರಡು ಮೊಳ ಹಿಂದಕ್ಕೆ ಎಳೆದುಕೊಂಡ.

“ಕಾಣ್ತೈತಿ,” ಎಂದ. “ಡಾಕ್ಟರಿಗೆ ಕಾಣಂಗಿಲ್ಲ. ನಮಗ ಕಾಣ್ತೈತಿ.”

ನಾಗೇಂದ್ರಪ್ಪ ಕೈ ಮುಗಿದ.

“ಬಂಗಾರಪ್ಪನ ಉಡಿಗೆ ಹಾಕಬೇಕು ಅಂತ ಮಾಡೀಯೇನು? ಆಗಂಗಿಲ್ಲ. ಇಸಗೊಂಡಾವ ನೀನು. ಅಕಿ ಬಾಯಿಲೇ ಬರಬೇಕು. ಮನಸಾರೆ. ಮೂರು ಸಲ. ಹೋಗು, ಉಸುರು ಇರೋದ್ರೊಳಗ ಹೋಗು. ಇಲ್ಲಿ ಕೂಡಬ್ಯಾಡ, ಮಂದಿ ಚಹಾ ಕುಡಿಯೋ ಜಾಗ.”

ಅಂದು ತಿಪ್ಪೇರುದ್ರಮ್ಮನ ಮನೆಗೆ ಹೋಗಲು ಅವನಿಂದಾಗಲಿಲ್ಲ. ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. ಕೋಣೆಯಲ್ಲಿ ಗೋಡೆಗೆ ಒರಗಿ ಕೂತ. ಮಲಗಿದರೆ ಮಣ್ಣು ಮೂಗಿಗೆ ಜಾರುತ್ತಿತ್ತು. ಕಿವಿಯೊಳಗೆ ಬೀಸುವ ಕಲ್ಲಿನ ಗರಗರ. ಭಾನುವಾರ ಹೊತ್ತು ನೆತ್ತಿಗೇರಿದಾಗ ಹಣದ ಪೊಟ್ಟಣವನ್ನೂ ಗಂಟನ್ನೂ ಎದೆಗವಚಿಕೊಂಡು, ಗೋಡೆಗಳನ್ನು ಹಿಡಿಹಿಡಿದು ಆ ಓಣಿಗೆ ಬಂದ.

ಮನೆಯ ಮುಂದೆ ಎತ್ತಿನ ಗಾಡಿ ನಿಂತಿತ್ತು. ಪಾತ್ರೆ, ಟ್ರಂಕು, ಬೀಸುವ ಕಲ್ಲು ಎಲ್ಲ ಏರಿದ್ದವು. ಒಳಗೆ ಕತ್ತಲು. ಬರಿದಾದ ಕೋಣೆಯ ನಡುವೆ ತಿಪ್ಪೇರುದ್ರಮ್ಮ ನಿಂತಿದ್ದಳು. ಮುದುಕಿ ಈ ಸಲ ಅವನ ಕಡೆಗೇ ಮುಖ ಮಾಡಿ ಕೂತಿದ್ದಳು.

ಅವನು ಮೊಣಕಾಲೂರಿದ. ಗಂಟನ್ನು ಆಕೆಯ ಪಾದದ ಬಳಿ ಇಟ್ಟ. ಬಾಯಿ ತೆರೆದು ತೋರಿಸಿದ. ತುಟಿಯ ಅಂಚಿನಿಂದ ಒದ್ದೆ ಮಣ್ಣು ಎದೆಯ ಮೇಲೆ ಸುರಿಯಿತು. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

“ಅತ್ತೀ, ಬಿಚ್ಚಬೇ ಇದನ್ನ. ಸಾಯ್ತಾನವ.”

“ನನ್ನ ಕೈಲಾಗಂಗಿಲ್ಲ. ಕಟ್ಟಿದಾಕಿ ನಾನು. ಬಿಚ್ಚೋದು ಮನಿಯಾಕಿ ಮಾತು,” ಎಂದಳು ಭರಮಮ್ಮ. ದನಿ ಏರಿಸಿ ಅವನಿಗೂ ಕೇಳಿಸುವಂತೆ ಹೇಳಿದಳು. “ನಿನ್ನ ಮನಸು ಒಪ್ಪಿದ್ರ ಮಣ್ಣು ಮಣ್ಣಾಗತೈತಿ. ಸುಳ್ಳು ಹೇಳಿದ್ರ ಅವನನ್ನ ಬಿಟ್ಟು ನಿನ್ನ ಬಾಯಿಗೆ ಹೊಗ್ತೈತಿ. ಇನ್ನು ನೀನುಂಟು.”

ತಿಪ್ಪೇರುದ್ರಮ್ಮ ಗೋಡೆಯನ್ನು ನೋಡಿದಳು. ಆಮೇಲೆ ಅವನನ್ನು.

“ನಾ ಕೊಟ್ಟಿಲ್ಲರಿ,” ಎಂದಳು ಮೆಲ್ಲಗೆ. “ಹೆಂಗ ಹೇಳ್ಲಿ? ಅವ್ರು ನೋಟೀಸು ಹಚ್ಚಿ ಕಸಗೊಳ್ಳೋಕೆ ಬಂದ್ರು. ನೀವು ಚಲೋ ಮಾತಾಡಿ ಕಸಗೊಂಡ್ರಿ. ನೀವು ಕೆಟ್ಟೋರಲ್ಲ, ಗೊತ್ತೈತಿ ನನಗ. ಅದಕ ಹೊಟ್ಟಿ ಇನ್ನೂ ಉರೀತೈತಿ. ಬೈಯೋಕೂ ಬಿಡಲಿಲ್ಲ ನೀವು.”

ಅವನಿಗೆ ಕೇಳಿಸುತ್ತಿತ್ತು. ಅರ್ಥವೂ ಆಗುತ್ತಿತ್ತು. ಆದರೆ ಉಸಿರು ಇಷ್ಟಿಷ್ಟೇ ಸಣ್ಣಗಾಗುತ್ತಿತ್ತು. ಒಂದು ಮೂಗಿನ ಹೊಳ್ಳೆ ಮುಚ್ಚಿತು. ಅವನು ಕೈ ಮುಗಿದ. ನೆಲಕ್ಕೆ ಹಣೆ ಹಚ್ಚಿದ. ಆಕೆ ಅಳುತ್ತಿದ್ದಳು, ಹೇಳಲಿಲ್ಲ. ಇನ್ನೊಂದು ಹೊಳ್ಳೆ ಮುಚ್ಚತೊಡಗಿತು.

ಆಗ ಅವನು ಎದ್ದು ನಿಂತ. ಅಂಗಿಯೊಳಗಿನಿಂದ ಹಣದ ಪೊಟ್ಟಣವನ್ನು ತೆಗೆದ. ಆಕೆಯ ಮುಖದ ಮುಂದೆ ಹಿಡಿದ.

ಆಕೆ ಕೈ ಚಾಚಿದಳು. ಅವನು ಹಿಂದಕ್ಕೆ ಎಳೆದುಕೊಂಡ.

ಇನ್ನೊಂದು ಕೈಯಿಂದ ನೆಲದ ಮೇಲಿದ್ದ ಗಂಟನ್ನು ತೋರಿಸಿದ. ಮೂರು ಬೆರಳು ಎತ್ತಿದ.

“ಅದು ನನ್ನ ದುಡ್ಡು,” ಎಂದಳು ತಿಪ್ಪೇರುದ್ರಮ್ಮ. “ನಾಳೆ ಬಾಡಿಗಿ ಮನಿಗೆ ಕೊಡಬೇಕು. ಈ ಮುದುಕಿ ತಲಿ ಮ್ಯಾಲೆ ಸೂರು ಬೇಕು. ಕೊಡ್ರಿ.”

ಮೂರು ಬೆರಳು.

“ನೀವು ನಮ್ಮ ಕಡಿಯೋರು ಅಂದಿದ್ರಿ!”

ಅವನ ಕಣ್ಣಿನ ಗುಡ್ಡೆಗಳು ಹೊರಗೆ ಬಂದಿದ್ದವು. ಆಕೆಯ ಮಣಿಕಟ್ಟು ಹಿಡಿದ. ಹಿಸುಕಿದ. ಎಲುಬು ಚಟಕ್ಕೆಂದಿತು. ಕತ್ತಲಲ್ಲಿ ಗರಗರ ಸದ್ದು ಜೋರಾಯಿತು. ಕಲ್ಲು ಹೊರಗೆ ಗಾಡಿಯಲ್ಲಿತ್ತು. ಸದ್ದು ಗೋಡೆಯೊಳಗಿತ್ತು. ನಾಲ್ಕೂ ಗೋಡೆಯೊಳಗೆ. ಮಾಳಿಗೆಯ ಕಲ್ಲುಗಳ ಸಂದಿನಿಂದ ಮಣ್ಣು ಉದುರಿತು. ನೆಲ ಬೆವರಿತು. ವಾಸನೆ ದಟ್ಟವಾಯಿತು. ಅವನ ಎರಡನೆಯ ಹೊಳ್ಳೆಯೂ ಮುಚ್ಚಿತು. ಉಸಿರಿಲ್ಲ. ಎದೆ ಉರಿಯಿತು. ಕಿವಿ ಮುಚ್ಚಿತು. ಕೈ ಮಾತ್ರ ಬಿಡಲಿಲ್ಲ. ಎಡಗೈ ಮಣಿಕಟ್ಟಿನ ಮೇಲೆ. ಬಲಗೈ ಹಣದ ಮೇಲೆ.

“ಮನಸಾರೆ ಕೊಟ್ಟೀನಿ.”

ಮುದುಕಿ ಚೀರಿದಳು. “ಬ್ಯಾಡಬೇ!”

“ಮನಸಾರೆ ಕೊಟ್ಟೀನಿ.”

ಸದ್ದು ನಿಂತಿತು. ಇಡೀ ಮನೆ ಕಿವಿಗೊಟ್ಟಂತೆ ಸ್ತಬ್ಧವಾಯಿತು. ತಿಪ್ಪೇರುದ್ರಮ್ಮ ಅವನ ಕಣ್ಣನ್ನೇ ನೋಡುತ್ತಿದ್ದಳು. ಬಿಡುತ್ತಾನೇನೋ ಎಂದು. ಇನ್ನೂ ಒಂದು ಮಾತು ಬಾಕಿಯಿತ್ತು. ಕೈ ಸಡಿಲಿಸಲು ಅಷ್ಟು ಹೊತ್ತು ಸಾಕಿತ್ತು.

ಅವನು ಇನ್ನೂ ಬಿಗಿಯಾಗಿ ಹಿಸುಕಿದ.

“ಮನಸಾರೆ... ಕೊಟ್ಟೀನಿ.”

ಗಂಟಿನ ದಾರ ತಾನಾಗಿ ಕಳಚಿತು. ಬಟ್ಟೆ ಬಿಚ್ಚಿಕೊಂಡಿತು. ಒಳಗೆ ಏನೂ ಇರಲಿಲ್ಲ. ನಾಗೇಂದ್ರಪ್ಪನ ಎದೆಗೆ ಗಾಳಿ ನುಗ್ಗಿತು. ತಣ್ಣನೆಯ, ಹಗುರ ಗಾಳಿ. ಅವನು ಕೆಮ್ಮಿದ. ನಾಲಿಗೆ ಆಡಿಸಿದ. ಬಾಯಿ ತೊಳೆದಿಟ್ಟ ಬಟ್ಟಲಿನಂತೆ ಚೊಕ್ಕಟವಾಗಿತ್ತು. ಹಣವನ್ನು ಆಕೆಯ ಕೈಯಲ್ಲಿಟ್ಟ. ಆಕೆ ಹಿಡಿದುಕೊಂಡಳು. ಮತ್ತೆ ಬಾಯಿ ತೆರೆಯಲಿಲ್ಲ.

ಹೊರಗೆ ಬಂಗಾರಪ್ಪ ಹೆಂಡತಿಯೊಂದಿಗೆ ಬಂದಿದ್ದ. ಹೆಂಡತಿ ಪಾಲಮ್ಮನ ಕೈಯಲ್ಲಿ ತುಂಬಿದ ಕೊಡವಿತ್ತು. ಭರಮಮ್ಮ ಸೊಸೆಯನ್ನು ತಬ್ಬಿ ನಡೆಸಿಕೊಂಡು ಬಂದು ಗಾಡಿ ಹತ್ತಿಸಿದಳು. ಪಾಲಮ್ಮ ಅಳುಕುತ್ತ ಗಾಡಿಯ ಹತ್ತಿರ ಹೋದಳು.

“ತಂಗೀ, ನೊಂದ್ಕೊಂಡು ಕೊಟ್ಟ ಮನಿಯಾಗ ನಾವು ಒಲಿ ಹಚ್ಚಂಗಿಲ್ಲ. ಒಂದು ಮಾತು ಹೇಳು. ಮನಸಾರೆ ಕೊಟ್ಟೀಯಲ್ಲ?”

ತಿಪ್ಪೇರುದ್ರಮ್ಮ ಬಾಯಿ ಬಿಗಿಹಿಡಿದು ಅವಳನ್ನೇ ನೋಡಿದಳು. ಕೆನ್ನೆಗಳು ಉಬ್ಬಿದ್ದವು. ಗಂಟಲು ನುಂಗಲು ಹವಣಿಸಿ ಸೋಲುತ್ತಿತ್ತು.

“ಕೊಟ್ಟಾರಮ್ಮ,” ಎಂದ ನಾಗೇಂದ್ರಪ್ಪ. ಅವನ ದನಿ ಗಂಟೆಯಷ್ಟು ಸ್ಪಷ್ಟವಾಗಿತ್ತು. “ನನ್ನ ಎದುರಿಗೇ ಮೂರು ಸಲ ಹೇಳಿದ್ರು. ಒಳಗೆ ಬರ್ರಿ.”

ಪಾಲಮ್ಮ ಕೊಡ ಹೊತ್ತು ಹೊಸ್ತಿಲು ದಾಟಿದಳು. ಗಾಡಿ ಹೊರಟಿತು. ಓಣಿಯ ತಿರುವಿನವರೆಗೂ ಭರಮಮ್ಮ ಸೆರಗಿನ ತುದಿಯಿಂದ ಸೊಸೆಯ ತುಟಿಯನ್ನು ಒರೆಸುತ್ತಲೇ ಇದ್ದಳು. ಒರೆಸಿದಷ್ಟೂ ಸೆರಗಿಗೆ ಕೆಂಪು ಕೆಸರು ಹತ್ತುತ್ತಿತ್ತು.